ಕೆಲಸದ ಮೇಲೆ ಬೈಕ್ ಓಡಿಸುವ ನಮ್ಮ ಹುಡುಗರ ರಸ್ತೆ ಅಪಾಯ ಅಳೆಯೋದು ಹೇಗೆ? (ವಿಜಯಪುರ)

ತಿಕೋಟಾ_ದ್ರಾಕ್ಷಿ:
ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಂದೊಂದು ಸಣ್ಣ ಏಜೆನ್ಸಿ ಇದೆ. ಡ್ರಿಪ್ ಸಾಮಾನು, ದ್ರಾಕ್ಷಿ ಮತ್ತು ನಿಂಬೆ ತೋಟಕ್ಕೆ ಬೇಕಾದ ಗೊಬ್ಬರ, ಔಷಧಿ ಮಾರುತ್ತೇವೆ. ಒಟ್ಟು 12 ಜನ. ಅದರಲ್ಲಿ 9 ಹುಡುಗರು ತಮ್ಮ ತಮ್ಮ ಬೈಕ್ ಮೇಲೆ ತಿಕೋಟಾ, ಬಬಲೇಶ್ವರ, ಇಂಡಿ, ಸಿಂದಗಿ ಕಡೆ ತೋಟ ತಿರುಗುತ್ತಾರೆ. ಇಬ್ಬರು ಪಿಕಪ್ ಓಡಿಸುತ್ತಾರೆ. ಪೆಟ್ರೋಲ್ ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ ನಾನೇ ಕೊಡುತ್ತೇನೆ.

ಹೋದ ತಿಂಗಳು ಒಬ್ಬ ಹುಡುಗ ಇಂಡಿ ಕಡೆಯಿಂದ ರಾತ್ರಿ ಎಂಟೂವರೆಗೆ ವಾಪಸ್ ಬರುವಾಗ, ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ. ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಭುಜದ ಎಲುಬು ಮುರಿದಿದೆ, ಮೊಣಕಾಲಿಗೆ ಆಪರೇಷನ್ ಆಗಿದೆ. ಅವನ ತಾಯಿ ಆಸ್ಪತ್ರೆಯಲ್ಲಿ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಾಹೇಬ್ರ, ಅಂವ ದಿನಾ ಇಷ್ಟೊತ್ತಿಗೇ ಬರ್ತಿದ್ದ ರೀ" ಅಂದರು, ಅಷ್ಟೇ. ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಈಗ ನಾವು ಮಾಲು ತರಿಸುವ ಕಂಪನಿಯವರು ರಸ್ತೆ ಅಪಾಯದ ಒಂದು ಫಾರ್ಮ್ ಕಳಿಸಿದ್ದಾರೆ. 46 ಪ್ರಶ್ನೆ. ಹಿಮ ಬಿದ್ದಾಗ ಟೈರ್ ಬದಲಿಸುತ್ತೀರಾ ಅಂತ ಒಂದು ಪ್ರಶ್ನೆ. ವಿಜಯಪುರದಲ್ಲಿ! ಹತ್ತು ನಿಮಿಷದಲ್ಲಿ ಎಲ್ಲಕ್ಕೂ ಟಿಕ್ ಹೊಡೆದು ಕಳಿಸಬಹುದು, ಯಾರೂ ಕೇಳಲ್ಲ. ಆದರೆ ಈ ಸಲ ನಿಜವಾಗಿ ಮಾಡಬೇಕು ಅಂತಿದ್ದೇನೆ. ಇಲ್ಲಿವರೆಗೆ ನಾನು ಮಾಡಿದ್ದು ಎರಡೇ: ಲೈಸೆನ್ಸ್ ಜೆರಾಕ್ಸ್ ಇಟ್ಟುಕೊಂಡೆ, ಹೆಲ್ಮೆಟ್ ಹಾಕಿ ಅಂದೆ. ಎಲ್ಲಿಂದ ಶುರು ಮಾಡಲಿ?

ಸ್ಟೇರಿಂಗ್_ಕಾಕಾ:
ತಮ್ಮಾ, ನಾನು 31 ವರ್ಷ ಬಸ್ ಓಡಿಸಿ ರಿಟೈರ್ ಆದವನು. ಹುಡುಗ ಬೇಗ ಹುಷಾರಾಗಲಿ.

"ನೀನು ಚೆನ್ನಾಗಿ ಓಡಿಸ್ತೀಯಾ?" ಅಂತ ಮಾತ್ರ ಯಾರನ್ನೂ ಕೇಳಬೇಡ. ಎಲ್ಲರೂ ಹೌದು ಅಂತಾರೆ. ನಾನೂ ಅಂದಿದ್ದೆ, ಮೊದಲ ವರ್ಷವೇ ಬಸ್ಸನ್ನು ಗಟಾರಕ್ಕೆ ಇಳಿಸಿದ್ದೆ. ಅದರ ಬದಲು ಅವನು ದಿನಾ ಹೋಗುವ ದಾರಿಯನ್ನು ಅವನ ಕೈಯಿಂದಲೇ ಒಂದು ಹಾಳೆ ಮೇಲೆ ಬರೆಸು. ಎಲ್ಲಿ ಹಂಪ್ ಇದೆ, ಎಲ್ಲಿ ಹೊಲದ ದಾರಿ ಬಂದು ಕೂಡುತ್ತದೆ, ಎಲ್ಲಿ ನಾಯಿ ಅಡ್ಡ ಬರುತ್ತವೆ, ಯಾವ ಧಾಬಾ ಮುಂದೆ ಲಾರಿ ನಿಲ್ಲುತ್ತವೆ. ಹುಡುಗನಿಗೆ ಎಲ್ಲ ಗೊತ್ತಿರುತ್ತದೆ. ಇಷ್ಟು ದಿನ ಅವನನ್ನು ಯಾರೂ ಕೇಳಿರುವುದಿಲ್ಲ.

ಆಮೇಲೆ ನಮ್ಮ ಕಡೆ ಒಂದೇ ರಸ್ತೆ ವರ್ಷಕ್ಕೆ ನಾಲ್ಕು ಸಲ ಬದಲಾದಂತೆ ಇರುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಹತ್ತಿದ ಎರೆ ಮಣ್ಣು ಡಾಂಬರಿನ ಮೇಲೆ ಬಿದ್ದಿರುತ್ತದೆ. ನಾಲ್ಕು ಹನಿ ಬಿದ್ದರೆ ಸಾಬೂನು ಸವರಿದ ಹಾಗೆ. ದಸರೆ ಮುಗಿದ ಮೇಲೆ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್, ಹಿಂದೆ ಲೈಟ್ ಇಲ್ಲ, ಮುಂದೆ ಹಾಡು ಜೋರು. ಡಿಸೆಂಬರ್–ಜನವರಿಗೆ ತೊಗರಿ ರಾಶಿ ರಸ್ತೆ ಮೇಲೆಯೇ ನಡೆಯುತ್ತದೆ. ಸಿಪ್ಪೆ ಮೇಲೆ ಬ್ರೇಕ್ ಹಿಡಿದರೆ ಬೈಕ್ ಮಲಗಿದ ಹಾಗೇ. ಯುಗಾದಿ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಮಂದಿ, ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿ. ಬೆಳಗಿನ ಜಾವದ ಕತ್ತಲಲ್ಲೇ ರಸ್ತೆ ಬದಿ ಗುಂಪು ಗುಂಪು ಇರುತ್ತಾರೆ. ನಿನ್ನ ಫಾರ್ಮ್‌ನಲ್ಲಿ ಹಿಮ ಇದೆ, ಇವು ಇದ್ದಾವಾ?

ಘಟಪ್ರಭಾ_ದಂಡೆ:
ಕಾಕಾ ಹೇಳಿದ್ದು ಸರಿ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದೇನೆ. ಇದಕ್ಕೆ ಐಎಸ್‌ಒ 39001 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ, 2012ರಲ್ಲಿ ಬಂತು. ನಿಮ್ಮಂಥ ಸಣ್ಣ ಏಜೆನ್ಸಿಗೆ ಸರ್ಟಿಫಿಕೇಟ್ ಬೇಕಿಲ್ಲ. ಅದರ ಒಳಗಿನ ಒಂದು ವಿಚಾರ ಮಾತ್ರ ತೆಗೆದುಕೊಳ್ಳಿ: ಮೊದಲು ಯಾರು ಎಷ್ಟು ಹೊತ್ತು, ಎಷ್ಟು ದೂರ ಅಪಾಯದ ಎದುರಿಗೆ ಇರುತ್ತಾರೆ ಅಂತ ನೋಡಿ.

ನಿಮ್ಮ ಹತ್ತಿರ ಪೆಟ್ರೋಲ್ ಬಿಲ್ ಇವೆ ಅಲ್ವಾ? ಅಂದರೆ ಒಬ್ಬೊಬ್ಬರ ಕಿಲೋಮೀಟರ್ ಲೆಕ್ಕ ಆಗಲೇ ಇದೆ. ಅದರ ಪಕ್ಕಕ್ಕೆ ಇನ್ನೆರಡು ಕಾಲಂ ಹಾಕಿ. ಕತ್ತಲಾದ ಮೇಲೆ ಓಡಿಸಿದ್ದು ಎಷ್ಟು? ಹೈವೇ ಮೇಲೆ ಎಷ್ಟು, ಹಳ್ಳಿ ದಾರಿಯಲ್ಲಿ ಎಷ್ಟು? ತಿಂಗಳಿಗೆ 2,500 ಕಿಲೋಮೀಟರ್ ಹಗಲು ಓಡಿಸುವವನಿಗಿಂತ, 1,200 ಓಡಿಸಿ ಅದರಲ್ಲಿ 500 ರಾತ್ರಿ ಓಡಿಸುವವನ ಬಗ್ಗೆ ನಾನು ಜಾಸ್ತಿ ಚಿಂತೆ ಮಾಡುತ್ತೇನೆ.

ಐದಕ್ಕೆ ಐದು ಗುಣಿಸುವ ಕೋಷ್ಟಕ ಒಂದು ಬರುತ್ತದೆ. ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು, ಎರಡಕ್ಕೂ ಒಂದರಿಂದ ಐದರವರೆಗೆ ಅಂಕಿ ಕೊಟ್ಟು, ಗುಣಿಸಿ ಕೆಂಪು, ಹಳದಿ, ಹಸಿರು ಬಣ್ಣ ಬಳಿಯೋದು. ಫ್ಯಾಕ್ಟರಿ ಒಳಗೆ ನಾನೂ ಬಳಸುತ್ತೇನೆ. ಆದರೆ ಬೈಕ್ ವಿಷಯಕ್ಕೆ ಅದು ಅಷ್ಟು ಉಪಯೋಗ ಇಲ್ಲ. ಬೈಕ್ ಮೇಲಿದ್ದವನಿಗೆ ಪೆಟ್ಟು ಯಾವಾಗಲೂ ದೊಡ್ಡದೇ. ಉಳಿಯೋದು ಸಂಭವದ ಅಂಕಿ. ಅದನ್ನು ಕುರ್ಚಿ ಮೇಲೆ ಕೂತವರು ಚಿಕ್ಕದು ಬರೆದರೆ ಹಸಿರು, ಸ್ವಲ್ಪ ದೊಡ್ಡದು ಬರೆದರೆ ಹಳದಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ಶೇ. 44.5 ಬೈಕ್–ಸ್ಕೂಟರ್‌ನವರು. ಇದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ. ಬೈಕ್ ಹುಡುಗರನ್ನು ಹಸಿರು ಡಬ್ಬಿಗೆ ಹಾಕೋಕೆ ನನಗಂತೂ ಕೈ ಬರಲ್ಲ.

ಜಮಖಂಡಿ_ಅಂಗಡಿ:
ಬೇಜಾರು ಮಾಡ್ಕೋಬೇಡಿ, ಆದರೆ ಇದು ಸ್ವಲ್ಪ ಅತಿ ಆಯಿತು. ನನ್ನ ಹತ್ತಿರವೂ ಐದು ಜನ ಲೈನ್ ಮೇಲೆ ಹೋಗುತ್ತಾರೆ. ಗಾಡಿ ಅವರದ್ದು, ಲೈಸೆನ್ಸ್ ಅವರದ್ದು, ಮೀಸೆ ಬಂದವರು. ಅವರು ಹೇಗೆ ಓಡಿಸುತ್ತಾರೆ ಅನ್ನೋದಕ್ಕೆ ನಾವು ಎಷ್ಟು ಅಂತ ಹೊಣೆ? ನಾಳೆ ಅವರು ಮನೆಯಲ್ಲಿ ಏನು ಉಣ್ಣುತ್ತಾರೆ ಅಂತಲೂ ಫಾರ್ಮ್ ತುಂಬಬೇಕಾ?

ಪಾಲಿಸಿ_ಪುಸ್ತಕ:
ಜಮಖಂಡಿ ಅಣ್ಣಾವ್ರೇ, ನಾನು ಇನ್ಶೂರೆನ್ಸ್ ಕೆಲಸದವನು, ಬೆಳಗಾವಿ. ಗಾಡಿ ಯಾರದ್ದು ಅನ್ನೋದು ಇಲ್ಲಿ ಕೊನೆಯ ಪ್ರಶ್ನೆ. ಯಾರ ಕೆಲಸದ ಮೇಲೆ ಹೋಗಿದ್ದ ಅನ್ನೋದು ಮೊದಲ ಪ್ರಶ್ನೆ. ಕೆಲಸದ ಮೇಲಿದ್ದಾಗ, ಆ ಕೆಲಸದಿಂದಾಗಿ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು ಅನ್ನೋದು 1923ರ ಕಾಯ್ದೆಯಿಂದ ನಡೆದು ಬಂದ ಮಾತು. ನಿನ್ನೆ ಮೊನ್ನೆಯದಲ್ಲ.

ತಿಕೋಟಾ ಅವರೇ, ನಿಮ್ಮಲ್ಲಿ 12 ಜನ ಅಂದಿರಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ನಿಮಗೆ ಲಾಗೂ ಆಗುತ್ತದಾ ಅಂತ ಮೊದಲು ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿ. ಅದರಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಬರುತ್ತಾರೆ.

ಎಲ್ಲರೂ ತಪ್ಪುವ ಜಾಗ ಇನ್ನೊಂದಿದೆ. ಪಾಲಿಸಿ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿಯ ಮಾಲೀಕನಿಗೆ, ಅವನೇ ಓಡಿಸುವಾಗ. ಹುಡುಗ ತನ್ನ ಬೈಕ್ ಬಿಟ್ಟು ಅಣ್ಣನ ಬೈಕ್ ತಂದಿದ್ದರೆ ಆ ರಕ್ಷಣೆ ಅವನಿಗೆ ಸಿಗಲ್ಲ. ನೀವೇ ಏಜೆನ್ಸಿ ಹೆಸರಲ್ಲಿ ಬೈಕ್ ಕೊಡಿಸಿದರೂ ಅಷ್ಟೇ, ಓಡಿಸುವ ನೌಕರ ಮಾಲೀಕ ಅಲ್ಲವಲ್ಲ. ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಕಂಪನಿ ಗಾಡಿ ಕೊಟ್ಟಿದ್ದೇನೆ, ನನ್ನ ಜವಾಬ್ದಾರಿ ಮುಗಿಯಿತು ಅಂತ ಸಮಾಧಾನದಿಂದ ಕೂತವರನ್ನು ನೋಡಿದ್ದೇನೆ.

ಲೈಸೆನ್ಸ್ ಜೆರಾಕ್ಸ್ ಇಟ್ಟುಕೊಂಡಿದ್ದೀರಿ, ಒಳ್ಳೆಯದು. ಅದನ್ನು ಓದಿದ್ದೀರಾ?

ತಿಕೋಟಾ_ದ್ರಾಕ್ಷಿ:
ಓದಿರಲಿಲ್ಲ. ಈಗ ಫೈಲ್ ತೆಗೆದು ಕೂತೆ. ಒಂಬತ್ತರಲ್ಲಿ ಇಬ್ಬರದ್ದು ಗೇರ್ ಇಲ್ಲದ ಗಾಡಿಯ ಲೈಸೆನ್ಸ್, ಓಡಿಸೋದು ಗೇರ್ ಬೈಕ್! ಒಬ್ಬನದ್ದು ಏಳು ತಿಂಗಳ ಹಿಂದೆಯೇ ಮುಗಿದಿದೆ. ಮೂರು ವರ್ಷದಿಂದ ಈ ಫೈಲ್ ನನ್ನ ಟೇಬಲ್ ಮೇಲಿದೆ.

ಪಿಕಪ್ ಹುಡುಗರದ್ದು ಕಾರಿನ ಲೈಸೆನ್ಸ್ ಮಾತ್ರ ಇದೆ. ಅದು ನಡೆಯುತ್ತದಾ?

ಪಾಲಿಸಿ_ಪುಸ್ತಕ:
ಗಾಡಿಯ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ನಡೆಯುತ್ತದೆ. ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಇದನ್ನು ಖಚಿತ ಮಾಡಿದೆ. ಆ ಮುಗಿದ ಲೈಸೆನ್ಸ್ ಇದ್ದವನನ್ನು ನಾಳೆಯೇ ಆರ್‌ಟಿಒಗೆ ಕಳಿಸಿ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ. ಅಲ್ಲಿವರೆಗೆ ಬೈಕ್ ಬೇಡ. ಲೈಸೆನ್ಸ್ ಇಲ್ಲದವನಿಗೆ ನಿಮ್ಮ ಗಾಡಿ ಕೊಟ್ಟರೆ ದಂಡ ನಿಮಗೂ ಬರುತ್ತದೆ.

ಹಳೇ_ಫೀಲ್ಡ್_ಹುಡುಗ:
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಈಗ ನನ್ನ ಕಡೆಯ ಮಾತು ಕೇಳಿ. ನಾನು ಆರು ವರ್ಷ ಒಂದು ಸಾಲದ ಕಂಪನಿಯಲ್ಲಿ ವಸೂಲಿ ಕೆಲಸ ಮಾಡಿದವನು. ಮುದ್ದೇಬಿಹಾಳ, ತಾಳಿಕೋಟೆ ಕಡೆ. ಬೆಳಿಗ್ಗೆ ಏಳಕ್ಕೆ ಮೊದಲ ಹಳ್ಳಿಯಲ್ಲಿ ಮೀಟಿಂಗ್. ಅಲ್ಲಿ ಸಾಲ ಪಡೆದ ಹೆಣ್ಣುಮಕ್ಕಳು ಸೇರೋದೇ ಏಳೂಕಾಲಕ್ಕೆ. ಎರಡನೇ ಹಳ್ಳಿ ಎಂಟಕ್ಕೆ. ನಡುವೆ 18 ಕಿಲೋಮೀಟರ್. ಹೋದ ತಕ್ಷಣ ಗುಂಪಿನ ಫೋಟೋ ಹಾಕಬೇಕು, ಫೋಟೋದಲ್ಲಿ ಟೈಮ್ ಬರುತ್ತದೆ. ಐದು ನಿಮಿಷ ತಡವಾದರೆ ಫೋನ್. ಬೈಕ್ ಮೇಲಿದ್ದಾಗ ಫೋನ್ ಎತ್ತಲಿಲ್ಲ ಅಂದರೆ ಬೈಗುಳ, ಎತ್ತಿದರೆ "ಗಾಡಿ ಓಡಿಸುವಾಗ ಯಾಕೆ ಎತ್ತುತ್ತೀ" ಅಂತ ಇನ್ನೊಂದು ಬೈಗುಳ.

ನಮಗೂ ವರ್ಷಕ್ಕೊಮ್ಮೆ ಸುರಕ್ಷತೆ ತರಬೇತಿ ಇತ್ತು. ಎಸಿ ರೂಮಿನಲ್ಲಿ ಸ್ಲೈಡ್ ತೋರಿಸಿ, ನಿಧಾನ ಓಡಿಸಿ ಅಂತ ಹೇಳಿ, ಸಹಿ ತೆಗೆದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಅದೇ ಸಾಹೇಬರು ಟಾರ್ಗೆಟ್‌ಗೆ ಕೂಗಾಡುತ್ತಿದ್ದರು.

ಅದಕ್ಕೇ ಹೇಳುತ್ತೇನೆ ಸರ್, ಹುಡುಗರನ್ನು ಅಳೆಯುವ ಮೊದಲು ನಿಮ್ಮ ಟೈಮ್ ಟೇಬಲ್ ಅಳೆಯಿರಿ. ಆ ತಾಯಿ ಅಂದಿದ್ದನ್ನು ಇನ್ನೊಮ್ಮೆ ಓದಿಕೊಳ್ಳಿ. ಹುಡುಗ "ದಿನಾ" ಅಷ್ಟೊತ್ತಿಗೇ ಬರುತ್ತಿದ್ದ. ಯಾಕೆ ದಿನಾ?

ಸ್ಟೇರಿಂಗ್_ಕಾಕಾ:
ಶಾಬಾಶ್ ತಮ್ಮಾ.

ನಮ್ಮ ಕಾಲದಿಂದಲೂ ಒಂದು ಅಳತೆ ಇತ್ತು. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಅರ್ಧ ತಾಸು ವಿಶ್ರಾಂತಿ. ಬಸ್ಸು, ಲಾರಿ ಚಾಲಕರಿಗೆ ಹಾಕಿದ್ದು, ಬೈಕ್ ಹುಡುಗರಿಗಲ್ಲ. ಆದರೆ ಅಳತೆಗೋಲು ಅಂತ ಇಟ್ಟುಕೊಳ್ಳೋಕೆ ಏನು ಅಡ್ಡಿ?

ಘಟಪ್ರಭಾ_ದಂಡೆ:
ನಿದ್ದೆ ವಿಷಯ ಸೇರಿಸುತ್ತೇನೆ. 17 ಗಂಟೆ ಎಚ್ಚರ ಇದ್ದವನ ಕೈ ಕಣ್ಣು, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ನಿಧಾನ ಆಗುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಬೈಕ್ ಮೇಲಿದ್ದರೆ ಲೆಕ್ಕ ಹಾಕಿ. ಒಂದು ಹನಿ ಕುಡಿಯದೆ ಅವನು ಕುಡಿದವನಂತೆ ಓಡಿಸುತ್ತಿದ್ದಾನೆ. ಮಧ್ಯಾಹ್ನ ಎರಡರಿಂದ ನಾಲ್ಕೂ ಕೆಟ್ಟ ಹೊತ್ತೇ. ರೊಟ್ಟಿ ಊಟ ಆದ ಮೇಲೆ, ಮೇ ತಿಂಗಳ ಬಿಸಿಲಿಗೆ, ಉದ್ದನೆ ನೆಟ್ಟಗಿನ ಹೈವೇ.

ಅಥಣಿ_ಅಕ್ಕ:
ಬಿಸಿಲು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಥಣಿ, ರಾಯಬಾಗ ಕಡೆ ಸ್ಕೂಟಿ ಮೇಲೆ ಫೀಲ್ಡ್ ಕೆಲಸ ಮಾಡುತ್ತೇನೆ. ಯಾವ ಫಾರ್ಮ್‌ನಲ್ಲೂ ಇರದ ಒಂದು ಪ್ರಶ್ನೆ ಹೇಳಲಾ? "ದಾರಿಯಲ್ಲಿ ಶೌಚಾಲಯ ಇದೆಯಾ?"

ಇಲ್ಲ ಅಂತ ನಾವು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ನನಗೆ ಕಣ್ಣು ಕತ್ತಲೆ ಬಂದು, ಸ್ಕೂಟಿ ಬದಿಗೆ ಹಾಕಿ ಬೇವಿನ ಗಿಡದ ಕೆಳಗೆ ಅರ್ಧ ತಾಸು ಕೂತಿದ್ದೆ. ಬೀಳಲಿಲ್ಲ, ಅದಕ್ಕೆ ಯಾವ ರಿಜಿಸ್ಟರ್‌ನಲ್ಲೂ ಬರಲಿಲ್ಲ. ಸಾಹೇಬರಿಗೆ ಹೇಳೋಕೆ ನಾಚಿಕೆ. ಬಿದ್ದಿದ್ದರೆ "ಹೆಣ್ಣುಮಕ್ಕಳಿಗೆ ಗಾಡಿ ಬರಲ್ಲ" ಅಂತಿದ್ದರು. ಆಮೇಲೆ ನಾನೇ ದಾರಿಯಲ್ಲಿ ಎರಡು ಮನೆ ಗುರುತು ಮಾಡಿಕೊಂಡೆ, ಪರಿಚಯದ ಹೆಣ್ಣುಮಕ್ಕಳು. ಈಗ ಅವರ ಮನೆಗೆ ಹೋಗಿ ನೀರು ಕುಡಿದು ಹೊರಡುತ್ತೇನೆ.

ಮತ್ತೊಂದು, ನಿಮ್ಮದು ಔಷಧಿ ವ್ಯಾಪಾರ ಅಲ್ವಾ? ಹುಡುಗರು ತೋಟದಲ್ಲಿ ಔಷಧಿ ಹೊಡೆಯೋದನ್ನು ಎದುರಿಗೆ ನಿಂತು ತೋರಿಸುತ್ತಾರಾ? ನಮ್ಮ ಮನೆಯವರು ಹೊಲದಿಂದ ಬಂದ ದಿನ ತಲೆ ಸುತ್ತು, ಕಣ್ಣು ಮಂಜು ಅಂತಾರೆ. ಅದೇ ಸ್ಥಿತಿಯಲ್ಲಿ ಬೈಕ್ ಹತ್ತಿದರೆ?

ತಿಕೋಟಾ_ದ್ರಾಕ್ಷಿ:
ಅಕ್ಕಾ, ಹೌದು, ತೋರಿಸುತ್ತಾರೆ. ಇದು ನನಗೆ ಹೊಳೆದೇ ಇರಲಿಲ್ಲ. ಕೆಲವು ಔಷಧಿ ಡಬ್ಬಿಯ ಲೇಬಲ್ ಮೇಲೆಯೇ ಈ ಲಕ್ಷಣ ಬರೆದಿರುತ್ತದೆ, ನಾನೇ ರೈತರಿಗೆ ಓದಿ ಹೇಳುತ್ತೇನೆ!

ಗಣಿತ_ಮಾಸ್ತರ್:
ಟ್ರೇಲರ್‌ಗೆ ಗುದ್ದಿದ ವಿಷಯಕ್ಕೆ ಸಣ್ಣ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 16.7 ಮೀಟರ್. ಕಣ್ಣಿಗೆ ಬಿದ್ದು ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ, ಅಷ್ಟರಲ್ಲೇ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲೋಕೆ ಇನ್ನೂ 23 ಮೀಟರ್ ಬೇಕು. ಒಟ್ಟು 48. ಅದೇ 40ರಲ್ಲಿ ಬಂದರೆ ಒಟ್ಟು 27 ಮೀಟರ್ ಸಾಕು.

ಈಗ ನಮ್ಮ ಸಾದಾ ಬೈಕಿನ ಡಿಮ್ ಲೈಟಿಗೆ ಮಣ್ಣು ಬಣ್ಣದ ಟ್ರೇಲರ್ ಎಷ್ಟು ದೂರಕ್ಕೆ ಕಾಣುತ್ತದೆ? ಊರ ಹೊರಗೆ ಹೋಗಿ ನೀವೇ ಹೆಜ್ಜೆ ಹಾಕಿ ಅಳೆಯಿರಿ. ನಾನು ನನ್ನ ಬೈಕ್ ನಿಲ್ಲಿಸಿ ಅಳೆದಾಗ 35 ಮೀಟರ್ ಬಂತು. ಎದುರಿಗೆ ಲಾರಿಯ ಬೆಳಕು ಇದ್ದರೆ ಅದೂ ಇಲ್ಲ. ಅಂದರೆ ಹುಡುಗ 60ರಲ್ಲಿ ಬರುತ್ತಿದ್ದರೆ, ಕಂಡ ಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಜಾಣ, ದಡ್ಡ ಅನ್ನೋ ಪ್ರಶ್ನೆಯೇ ಬರಲ್ಲ.

ಜಮಖಂಡಿ_ಅಂಗಡಿ:
ಮಾಸ್ತರ ಲೆಕ್ಕ ನೋಡಿ ಸ್ವಲ್ಪ ಎದೆ ಝಲ್ ಅಂತು. ನನ್ನ ಮಗನೂ ರಾತ್ರಿ ಬಬಲೇಶ್ವರದಿಂದ ಬರುತ್ತಾನೆ.

ಹಾಗಾದರೆ ಜಿಪಿಎಸ್ ಹಾಕಿಬಿಡೋದಾ? 50 ದಾಟಿದರೆ ಸಂಬಳ ಕಟ್. ಸರಳ.

ಹಳೇ_ಫೀಲ್ಡ್_ಹುಡುಗ:
ಅಣ್ಣಾ, ನಮಗೂ ಹಾಕಿದ್ದರು. ಮೊದಲ ತಿಂಗಳು ವೇಗ ನೋಡಿದರು. ಎರಡನೇ ತಿಂಗಳಿಂದ "ಧಾಬಾದಲ್ಲಿ 40 ನಿಮಿಷ ಯಾಕೆ ನಿಂತೆ" ಅಂತ ಶುರುವಾಯಿತು. ಹುಡುಗರು ಊಟ ಬಿಟ್ಟರು. ಕೆಲವರು ಫೋನನ್ನು ಹಳ್ಳಿಯ ಪಾನ್ ಶಾಪಿನಲ್ಲೇ ಇಟ್ಟು ತಿರುಗಿದರು. ನಿಮ್ಮ ಕೈಯಲ್ಲಿ ಅದು ಚಾಬೂಕು ಆಗಲ್ಲ ಅಂತಿದ್ದರೆ ಹಾಕಿ.

ಘಟಪ್ರಭಾ_ದಂಡೆ:
ನನ್ನ ಅನುಭವವೂ ಅದೇ. ಅದಕ್ಕಿಂತ "ಸ್ವಲ್ಪದರಲ್ಲಿ ತಪ್ಪಿತು" ಅನ್ನೋ ಪುಸ್ತಕ ಇಡಿ. ಹೆಸರು ಬೇಡ. ಜಾಗ, ಹೊತ್ತು, ಏನಾಯಿತು, ಮೂರೇ ಸಾಲು. ಬರೆದವರಿಗೆ ಬೈಯಲ್ಲ ಅಂತ ಮಾತು ಕೊಡಿ. ಒಮ್ಮೆ ಬೈದರೆ ಆ ಪುಸ್ತಕ ಅವತ್ತಿಗೇ ಮುಗಿಯಿತು.

ತುರ್ತಿಗೆ 108, 112 ನಂಬರ್ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಹೆದ್ದಾರಿ ಮೇಲೆ ಆದರೆ 1033 ಕೂಡ ಇದೆ. 2025ರ ಮೇ ತಿಂಗಳಿಂದ ಅಪಘಾತದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದು ಇಲ್ಲದ ಚಿಕಿತ್ಸೆಯ ಕೇಂದ್ರ ಯೋಜನೆ ಬಂದಿದೆ. ಯಾವ ದಾರಿಯಲ್ಲಿ ಯಾವ ಆಸ್ಪತ್ರೆ ಅದರಲ್ಲಿದೆ ಅಂತ ಮೊದಲೇ ವಿಚಾರಿಸಿ ಗೋಡೆಗೆ ಅಂಟಿಸಿ.

ತಿಕೋಟಾ_ದ್ರಾಕ್ಷಿ:
ಮೂರು ವಾರ ಆಯಿತು, ಏನು ಮಾಡಿದೆ ಅಂತ ಬರೆಯುತ್ತೇನೆ.

"ಯಾಕೆ ದಿನಾ" ಅನ್ನೋದಕ್ಕೆ ಉತ್ತರ ಸಿಕ್ಕಿತು. ಉತ್ತರ ನಾನೇ. ಸಂಜೆ ಏಳೂವರೆಗೆ ಗೋಡೌನ್ ಆರ್ಡರ್ ಮುಚ್ಚುತ್ತಿದ್ದೆ. ಅದರೊಳಗೆ ಆರ್ಡರ್ ಬಂದರೆ ಮರುದಿನ ಮಾಲು, ಇಲ್ಲದಿದ್ದರೆ ಒಂದು ದಿನ ತಡ. ರೈತರು ತೋಟದಲ್ಲಿ ಸಿಗೋದೇ ಸಂಜೆ ನಾಲ್ಕರ ಮೇಲೆ. ಹಾಗಾಗಿ ಹುಡುಗರು ಕೊನೆ ತೋಟ ಆರೂವರೆಗೆ ಮುಗಿಸಿ ಅಲ್ಲೇ ನಿಂತು ಆರ್ಡರ್ ಬರೆದು, ಆಮೇಲೆ ವಸೂಲಾದ ದುಡ್ಡು ಅಂಗಡಿಗೆ ತಂದು ಕಟ್ಟಿಯೇ ಮನೆಗೆ ಹೋಗಬೇಕಿತ್ತು. ಆ ದುಡ್ಡಿನ ನಿಯಮ ನಮ್ಮ ಅಪ್ಪನ ಕಾಲದ್ದು. ಆಗ ಅಂಗಡಿ ಇದ್ದದ್ದು ಊರೊಳಗೆ, ಗಿರಾಕಿಗಳೂ ಊರೊಳಗೆ.

ಈಗ ಇಂಡಿ, ಸಿಂದಗಿ ಕಡೆಯವರು ದುಡ್ಡನ್ನು ಅಲ್ಲಿಯೇ ಬ್ಯಾಂಕಿಗೆ ಮರುದಿನ ಬೆಳಿಗ್ಗೆ ಕಟ್ಟುತ್ತಾರೆ. ಆರ್ಡರ್ ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತೇವೆ, ಬಾಕಿ ಮರುದಿನ ಫೋನಲ್ಲಿ. ಕಬ್ಬಿನ ಹಂಗಾಮು ಮುಗಿಯುವವರೆಗೆ ಸಂಜೆ ಆರಕ್ಕೆ ಎಲ್ಲರೂ ಗಾಡಿ ಓಡಿಸೋದು ನಿಲ್ಲಿಸಬೇಕು. ಮೊದಲ ವಾರ ವ್ಯಾಪಾರ ಕಡಿಮೆ ಆಯಿತು, ಸುಳ್ಳು ಹೇಳಲ್ಲ. ಇಬ್ಬರು ಗಿರಾಕಿ ಬೇರೆ ಅಂಗಡಿಗೆ ಹೋದರು.

ಪುಸ್ತಕ ಇಟ್ಟೆ. ಮೊದಲ ನಾಲ್ಕು ದಿನ ಖಾಲಿ. ಐದನೇ ದಿನ ನಾನೇ ನನ್ನದೊಂದು ಬರೆದೆ, ಕಾರ್ ಓಡಿಸುತ್ತಾ ಫೋನ್ ನೋಡಿ ಎಮ್ಮೆಗೆ ತಾಗಿಸಲು ಹೋಗಿದ್ದು. ಆಮೇಲೆ ಹುಡುಗರೂ ಬರೆದರು. 11 ಬಂದಿವೆ, ಅದರಲ್ಲಿ ಐದು ಒಂದೇ ಕ್ರಾಸ್‌ನಲ್ಲಿ. ಮೂರು, ನಾನು ಫೋನ್ ಮಾಡಿದಾಗ.

ಡ್ರಿಪ್ ಪೈಪಿನ ಸುರುಳಿ ಇನ್ನು ಬೈಕ್ ಮೇಲೆ ಹೋಗಲ್ಲ, ಪಿಕಪ್‌ನಲ್ಲೇ. ಔಷಧಿ ಹೊಡೆದು ತೋರಿಸಿದ ದಿನ ಕೈ ಮುಖ ತೊಳೆದು, ಅಂಗಿ ಬದಲಿಸಿ, ಸ್ವಲ್ಪ ಹೊತ್ತು ಕೂತು ಬರಬೇಕು. ತಲೆ ಸುತ್ತಿದರೆ ಗಾಡಿ ಅಲ್ಲೇ ಬಿಡಬೇಕು, ಕರೆತರೋಕೆ ಪಿಕಪ್ ಕಳಿಸುತ್ತೇನೆ. ಇಎಸ್‌ಐ ಕಾಗದ ಶುರುವಾಗಿದೆ. ಕಂಪನಿ ಫಾರ್ಮ್ ಕೂಡ ತುಂಬಿ ಕಳಿಸಿದೆ. ಹಿಮದ ಪ್ರಶ್ನೆಗೆ "ಇಲ್ಲ, ತೊಗರಿ ಸಿಪ್ಪೆ ಬೀಳುತ್ತದೆ" ಅಂತ ಬರೆದೆ. ಇನ್ನೂ ಉತ್ತರ ಬಂದಿಲ್ಲ.

ಸ್ಟೇರಿಂಗ್_ಕಾಕಾ:
ಹುಡುಗ ಹೇಗಿದ್ದಾನೆ?

ತಿಕೋಟಾ_ದ್ರಾಕ್ಷಿ:
ಕೋಲು ಹಿಡಿದು ನಡೆಯುತ್ತಿದ್ದಾನೆ ಕಾಕಾ. ಸದ್ಯ ಅಂಗಡಿಯಲ್ಲಿ ಫೋನ್ ಆರ್ಡರ್ ಅವನೇ ನೋಡುತ್ತಾನೆ. ಹೊಳೆಯುವ ಟೇಪಿನ ನಾಲ್ಕು ರೋಲ್ ತರಿಸಿದ್ದೂ ಅವನೇ. ನಿನ್ನೆ ಧಾಬಾ ಹತ್ತಿರ ನಿಂತು ಕಬ್ಬಿನ ಟ್ರೇಲರ್ ಹಿಂದೆ ಅಂಟಿಸುತ್ತೇವೆ ಅಂತ ಕೇಳಿದೆವು. ಆರು ಜನ ಒಪ್ಪಿದರು. ಏಳನೇ ಡ್ರೈವರ್, "ಅದೇನರ ಹಚ್ರಿ, ಆದ್ರ ಮೊದಲ ನನ್ನ ಸ್ಪೀಕರ್ ವೈರ್ ಒಂದು ಹಚ್ಚಿಕೊಡ್ರಿ" ಅಂದ. ಹಚ್ಚಿಕೊಟ್ಟೆವು.